ಹ್ಯಾಮ್ ಲೈಸೆನ್ಸ್: ಎಲ್ಲಿ ಬದಲಾದ ನಿಯಮ ನಮಗೆ ತಟ್ಟುತ್ತದೆ?

ಹ್ಯಾಮ್ ರೇಡಿಯೋ ಅಂದರೆ ಸ್ವಂತ ರೇಡಿಯೋ ಸ್ಟೇಷನ್ ಇಟ್ಟುಕೊಂಡು ಗಾಳಿಯಲ್ಲಿ ಬೇರೆಯವರ ಜೊತೆ ಮಾತಾಡುವ ಹವ್ಯಾಸ. ಅದರ ಕಡೆ ಮನಸ್ಸು ಹರಿದ ಹೊಸಬರಿಗೆ ತಲೆ ಕೆಡುವುದು ಸರ್ಕ್ಯೂಟ್ ನೋಡಿ ಅಲ್ಲ, ಲೈಸೆನ್ಸ್ ವಿಷಯ ಕೇಳಿ. ಒಬ್ಬರು "ಮೋರ್ಸ್ ಕೋಡ್ ತೆಗೆದುಬಿಟ್ರಂತೆ" ಅನ್ನುತ್ತಾರೆ (ಚುಕ್ಕೆ, ಗೆರೆಯ ಸದ್ದಿನಲ್ಲಿ ಅಕ್ಷರ ಕಳಿಸುವ ಪದ್ಧತಿ ಅದು). ಇನ್ನೊಬ್ಬರು "ಇಲ್ಲ ಗುರು, ಇನ್ನೂ ಇದೆ, ಫೇಲ್ ಮಾಡ್ತಾರೆ" ಅನ್ನುತ್ತಾರೆ. ಮೂರನೆಯವರು "ಈಗ ಒಂದು ಕಿಲೋವಾಟ್ ಪವರ್ ತನಕ ಬಿಡಬಹುದು" ಅಂತ ಸೇರಿಸುತ್ತಾರೆ. ತಮಾಷೆ ಏನಂದ್ರೆ ಮೂವರದ್ದೂ ಸುಳ್ಳಲ್ಲ. ಒಬ್ಬರು ಹೇಳುತ್ತಿರುವುದು ಅಂತಾರಾಷ್ಟ್ರೀಯ ಒಪ್ಪಂದದ ಮಾತು, ಇನ್ನೊಬ್ಬರದ್ದು ನಮ್ಮ ದೇಶದ ನಿಯಮ, ಮೂರನೆಯವರದ್ದು ಬ್ರಿಟನ್ ಸುದ್ದಿ.

ಹಾಗಾಗಿ "ನಿಯಮ ಬದಲಾಯ್ತು" ಅಂತ ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದ್ದು ಒಂದೇ: ಎಲ್ಲಿ ಬದಲಾಯ್ತು? ಜಗತ್ತಿನ ಮಟ್ಟದಲ್ಲೋ, ನಮ್ಮ ಕಾಯ್ದೆಯಲ್ಲೋ, ಕಾಯ್ದೆಯ ಕೆಳಗಿನ ನಿಯಮದಲ್ಲೋ? ಇದು ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಮೇಲಿನಿಂದಲೇ ಬರೋಣ. ಯಾವ ತರಂಗಾಂತರ ಯಾರಿಗೆ ಅನ್ನುವುದನ್ನು ಜಗತ್ತಿನ ಮಟ್ಟದಲ್ಲಿ ತೀರ್ಮಾನಿಸುವುದು ಐಟಿಯು, ಅಂದರೆ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. ಮೂರ್ನಾಲ್ಕು ವರ್ಷಕ್ಕೊಮ್ಮೆ ದೇಶಗಳೆಲ್ಲ ಸೇರಿ ಸಮ್ಮೇಳನ ಮಾಡುತ್ತವೆ. 2003ರಲ್ಲಿ ಜಿನೀವಾದಲ್ಲಿ ನಡೆದ ಸಮ್ಮೇಳನ ಹ್ಯಾಮ್‌ಗಳ ಮಟ್ಟಿಗೆ ದೊಡ್ಡದು. ಅಲ್ಲಿಯವರೆಗೆ 30 ಮೆಗಾಹರ್ಟ್ಸ್‌ಗಿಂತ ಕೆಳಗೆ ಮಾತಾಡಬೇಕಾದರೆ ಮೋರ್ಸ್ ಬರಲೇಬೇಕಿತ್ತು, ಎಲ್ಲ ದೇಶದಲ್ಲೂ. ಯಾಕಂದ್ರೆ ಹಡಗುಗಳ ಆಪತ್ತಿನ ಸಂದೇಶ ಮೋರ್ಸ್‌ನಲ್ಲೇ ಬರುತ್ತಿತ್ತು, ಅದೇ ಗಾಳಿಯಲ್ಲಿ ಆಡುವ ಹವ್ಯಾಸಿಗೆ ಅದು ಅರ್ಥವಾಗಬೇಕು ಅನ್ನುವ ಲೆಕ್ಕ. 1999ರ ಫೆಬ್ರವರಿ ಹೊತ್ತಿಗೆ ಹಡಗುಗಳು ಉಪಗ್ರಹ ಮತ್ತು ಡಿಜಿಟಲ್ ವ್ಯವಸ್ಥೆಗೆ ಪೂರ್ತಿ ಬದಲಾದವು. ಕಾರಣವೇ ಹೋದ ಮೇಲೆ ನಿಯಮ ಯಾಕೆ? 2003ರಲ್ಲಿ "ಮೋರ್ಸ್ ಬೇಕೋ ಬೇಡವೋ, ಅದು ಆಯಾ ದೇಶದ ಇಷ್ಟ" ಅಂತ ಆಯಿತು. ಬ್ರಿಟನ್ ಅದೇ ವರ್ಷ ಕೈಬಿಟ್ಟಿತು, ಅಮೆರಿಕ 2007ರ ಫೆಬ್ರವರಿಯಲ್ಲಿ. ಗಮನಿಸಿ, ಐಟಿಯು ಮೋರ್ಸ್ ರದ್ದು ಮಾಡಲಿಲ್ಲ. ಕಡ್ಡಾಯ ಅನ್ನುವುದನ್ನು ಮಾತ್ರ ತೆಗೆಯಿತು.

ಅದೇ ಸಮ್ಮೇಳನದಲ್ಲಿ ಇನ್ನೊಂದು ಒಳ್ಳೆಯ ಕೆಲಸ ಆಯಿತು. 7 ಮೆಗಾಹರ್ಟ್ಸ್ ಅಂದರೆ ನಮ್ಮ 40 ಮೀಟರ್ ಬ್ಯಾಂಡು, ಬೆಂಗಳೂರಿನಿಂದ ಹುಬ್ಬಳ್ಳಿ, ಮಂಗಳೂರು, ಹೈದರಾಬಾದ್ ಕಡೆಯವರ ಜೊತೆ ಹಗಲಲ್ಲಿ ಮಾತಾಡಲು ಇದಕ್ಕಿಂತ ಒಳ್ಳೆಯದಿಲ್ಲ. ನಮ್ಮ ಭಾಗದಲ್ಲಿ ಆಗ ಹ್ಯಾಮ್‌ಗಳಿಗೆ ಇದ್ದದ್ದು 7.0ರಿಂದ 7.1 ಮಾತ್ರ. ಅದರಾಚೆ ಶಾರ್ಟ್‌ವೇವ್ ಪ್ರಸಾರ ಕೇಂದ್ರಗಳ ರಾಜ್ಯ, ಸಂಜೆಯಾದರೆ ಅವರ ಗದ್ದಲದಲ್ಲಿ ನಮ್ಮ ಸಣ್ಣ ಸಿಗ್ನಲ್ ಕೇಳುವುದೇ ಕಷ್ಟ. 7.1ರಿಂದ 7.2ರವರೆಗಿನ ಜಾಗವನ್ನು 2009ರ ಮಾರ್ಚ್ 29ರ ಹೊತ್ತಿಗೆ ಅವರು ಖಾಲಿ ಮಾಡಬೇಕು ಅಂತ ತೀರ್ಮಾನವಾಯಿತು. ಆರು ವರ್ಷದ ಗಡುವು! ಈ ಮಟ್ಟದಲ್ಲಿ ಯಾವುದೂ ರಾತ್ರೋರಾತ್ರಿ ಬದಲಾಗುವುದಿಲ್ಲ. "ನಾಳೆಯಿಂದ ಹ್ಯಾಮ್ ಬ್ಯಾಂಡ್ ಹೋಯ್ತು" ಅಂತ ಯಾರಾದರೂ ಹೆದರಿಸಿದರೆ ಸುಮ್ನೆ ನಕ್ಕುಬಿಡಿ.

ಎರಡನೆಯದು ನಮ್ಮ ಕಾಯ್ದೆ. ಇತ್ತೀಚೆಗೆ ಜಾಸ್ತಿ ಚರ್ಚೆ ಆಗುತ್ತಿರುವುದು ಇದೇ. ಭಾರತದಲ್ಲಿ ರೇಡಿಯೋ ಲೈಸೆನ್ಸ್ ಅನ್ನುವುದು ನಿಂತಿದ್ದು 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಮೇಲೆ. ಮೊದಲನೆಯದರ ಅಡಿ ಸ್ಟೇಷನ್ ನಡೆಸಲು ಲೈಸೆನ್ಸ್ ಬೇಕು. ಎರಡನೆಯದು ಇನ್ನೂ ಬಿಗಿ, ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳುವುದೇ ತಪ್ಪು, ಬಳಸದಿದ್ದರೂ ಸರಿಯೇ. ಇವೆರಡರ ಜಾಗಕ್ಕೆ ಬಂದಿದ್ದು 2023ರ ದೂರಸಂಪರ್ಕ ಕಾಯ್ದೆ. ಆ ಡಿಸೆಂಬರ್ 24ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಆದರೆ ಇಡೀ ಕಾಯ್ದೆಯನ್ನು ಒಂದೇ ದಿನ ಜಾರಿ ಮಾಡಲಿಲ್ಲ, 2024ರ ಜೂನ್ 26ರಂದು ಕೆಲವು ಕಲಮು, ಜುಲೈ 5ರಂದು ಇನ್ನು ಕೆಲವು, ಹೀಗೆ ಕಂತಿನಲ್ಲಿ ತಂದರು.

ಹೊಸ ಕಾಯ್ದೆಯ 3ನೇ ಕಲಮು ಸೇವೆ ಕೊಡುವುದು, ಜಾಲ ಕಟ್ಟುವುದು, ರೇಡಿಯೋ ಉಪಕರಣ ಇಟ್ಟುಕೊಳ್ಳುವುದು, ಈ ಮೂರನ್ನೂ ಒಂದೇ ಸಾಲಿಗೆ ತಂದು, ಮೂರಕ್ಕೂ ಸರ್ಕಾರದ ಅನುಮತಿ ಬೇಕು ಅನ್ನುತ್ತದೆ. ಅಂದರೆ ಹಳೆಯ ಎರಡು ಕಾಯ್ದೆಗಳ ಕೆಲಸ ಒಂದೇ ಕಡೆ ಬಂತು. ಕೈಯಲ್ಲಿ ಲೈಸೆನ್ಸ್ ಇರುವವರು ಓದಬೇಕಾದ್ದು ಅದೇ ಕಲಮಿನ 6ನೇ ಉಪಕಲಮನ್ನು. ಹಳೆಯ ಕಾಯ್ದೆಗಳ ಅಡಿ ದೂರಸಂಪರ್ಕ ಸೇವೆಗೋ ಜಾಲಕ್ಕೋ ಕೊಟ್ಟ ಲೈಸೆನ್ಸ್‌ಗೆ ಇಂತಿಷ್ಟು ಅವಧಿ ಅಂತ ಬರೆದಿದ್ದರೆ ಆ ಅವಧಿ ಮುಗಿಯುವವರೆಗೆ ಅದೇ ಷರತ್ತಿನ ಮೇಲೆ ನಡೆಯುತ್ತದೆ. ಅವಧಿಯನ್ನೇ ಬರೆಯದೆ ಕೊಟ್ಟಿದ್ದರೆ ಗೊತ್ತುಮಾಡಿದ ದಿನದಿಂದ ಐದು ವರ್ಷ. ಎರಡರಲ್ಲೂ ಬೇಕಿದ್ದರೆ ಹೊಸ ವ್ಯವಸ್ಥೆಗೆ ಹೋಗಬಹುದು. ಹಾಗೆಯೇ 61ನೇ ಕಲಮು, ಹಳೆಯ ಕಾಯ್ದೆಗಳ ಅಡಿ ಮಾಡಿದ ನಿಯಮಗಳನ್ನು ಹೊಸ ನಿಯಮ ಬರುವ ತನಕ ಉಳಿಸುತ್ತದೆ. "ಟೆಲಿಗ್ರಾಫ್ ಕಾಯ್ದೆಯೇ ಹೋಯ್ತಲ್ಲ, ಇನ್ನೇನು ಹ್ಯಾಮ್ ನಿಯಮ" ಅನ್ನುವ ವಾದ ನಿಲ್ಲದಿರುವುದು ಇಲ್ಲೇ.

ಈಗ ಮೂರನೆಯದು, ದಿನನಿತ್ಯ ನಮಗೆ ತಟ್ಟುವ ಹ್ಯಾಮ್ ನಿಯಮ. ಇದರ ಬುಡ 1978ರ ಹವ್ಯಾಸಿ ರೇಡಿಯೋ ನಿಯಮಗಳಲ್ಲಿದೆ, ಮೇಲಿಂದ ಮೇಲೆ ತಿದ್ದುಪಡಿ ಆಗಿವೆ. ಜಾರಿ ಮಾಡುವುದು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ, ದಿಲ್ಲಿಯಲ್ಲಿ.

ಇಲ್ಲಿ ಎರಡು ಕಾಗದ ಇವೆ, ಇವನ್ನು ಒಂದೇ ಅಂದುಕೊಳ್ಳುವವರೇ ಹೆಚ್ಚು. ಒಂದು ಎಎಸ್‌ಒಸಿ, ಅಂದರೆ ನೀವು ಪರೀಕ್ಷೆ ಪಾಸಾಗಿದ್ದೀರಿ, ಸ್ಟೇಷನ್ ನಡೆಸಲು ಬರುತ್ತದೆ ಅನ್ನುವ ಪ್ರಮಾಣಪತ್ರ. ಇನ್ನೊಂದು ಸ್ಟೇಷನ್ ಲೈಸೆನ್ಸ್, ಕಾಲ್‌ಸೈನ್, ಅಂದರೆ ಗಾಳಿಯಲ್ಲಿ ನಿಮ್ಮ ಗುರುತಾಗುವ ಅಕ್ಷರ-ಅಂಕಿಯ ಹೆಸರು, ಬರುವುದು ಇದರ ಜೊತೆ. ಗಾಡಿಗೆ ಡಿಎಲ್ ಬೇರೆ, ಆರ್‌ಸಿ ಬೇರೆ ಇದ್ದ ಹಾಗೆ. ಪರೀಕ್ಷೆ ಪಾಸಾಯ್ತು ಅಂತ ಅದೇ ಸಂಜೆ ಸೆಟ್ಟಿನ ಬಟನ್ ಒತ್ತಿದರೆ ಅದು ಲೈಸೆನ್ಸ್ ಇಲ್ಲದ ಪ್ರಸಾರವೇ.

ಹಿಂದೆ ದರ್ಜೆಗಳು ಬೇಕಾದಷ್ಟಿದ್ದವು. ಅಡ್ವಾನ್ಸ್ಡ್, ಗ್ರೇಡ್ ಒಂದು, ಗ್ರೇಡ್ ಎರಡು, ಗ್ರೇಡ್ ಎರಡು ರಿಸ್ಟ್ರಿಕ್ಟೆಡ್, ಮೇಲೆ ಬರೀ ಕೇಳುವವರಿಗೊಂದು. ಗ್ರೇಡ್ ಎರಡಕ್ಕೆ ನಿಮಿಷಕ್ಕೆ 5 ಪದದ ಮೋರ್ಸ್, ಗ್ರೇಡ್ ಒಂದಕ್ಕೆ 12. ತಿದ್ದುಪಡಿಗಳ ನಂತರ ಪರೀಕ್ಷೆ ಬರೆಯುವವರಿಗೆ ಉಳಿದಿದ್ದು ಎರಡೇ: ರಿಸ್ಟ್ರಿಕ್ಟೆಡ್ ಮತ್ತು ಜನರಲ್. ವಿಯು3 ಅಂತ ಶುರುವಾಗುವ ಕಾಲ್‌ಸೈನ್ ಕೇಳಿದರೆ ಸಾಮಾನ್ಯವಾಗಿ ರಿಸ್ಟ್ರಿಕ್ಟೆಡ್, ವಿಯು2 ಅಂದರೆ ಜನರಲ್. ವಿಯು4 ಅಂಡಮಾನ್, ವಿಯು7 ಲಕ್ಷದ್ವೀಪ, ಅವು ಸಿಕ್ಕರೆ ಜಗತ್ತಿನ ಹ್ಯಾಮ್‌ಗಳೆಲ್ಲ ಮುಗಿಬೀಳುತ್ತಾರೆ. 2004ರ ಡಿಸೆಂಬರ್‌ನಲ್ಲಿ ಅಂಥದ್ದೇ ಒಂದು ವಿಯು4 ತಂಡ ಪೋರ್ಟ್‌ಬ್ಲೇರ್‌ನಲ್ಲಿ ಇದ್ದಾಗಲೇ ಸುನಾಮಿ ಬಂತು. ಭಾರತಿ ಪ್ರಸಾದ್ ಮತ್ತು ಜೊತೆಗಾರರ ಸೆಟ್ಟುಗಳೇ ಆಗ ದ್ವೀಪದಿಂದ ಹೊರಗೆ ಸುದ್ದಿ ಮುಟ್ಟಿಸಿದವು.

ಪರೀಕ್ಷೆಗೆ ಕೂರಲು 12 ವರ್ಷ ತುಂಬಿದ್ದರೆ ಸಾಕು. ಡಿಗ್ರಿ ಬೇಡ. ಎರಡು ಭಾಗ: ರೇಡಿಯೋ ಸಿದ್ಧಾಂತ ಒಂದು, ನಿಯಮಾವಳಿ ಇನ್ನೊಂದು. ರಿಸ್ಟ್ರಿಕ್ಟೆಡ್‌ಗೆ ಪ್ರತಿ ಭಾಗದಲ್ಲಿ ಶೇ 40, ಒಟ್ಟು ಶೇ 50 ಬರಬೇಕು. ಜನರಲ್‌ಗೆ ಪ್ರತಿ ಭಾಗದಲ್ಲಿ ಶೇ 50, ಒಟ್ಟು ಶೇ 55. ಅಂಕಗಳ ವ್ಯತ್ಯಾಸ ಅಷ್ಟೇನೂ ಇಲ್ಲ ಅಲ್ವಾ? ನಿಜವಾದ ವ್ಯತ್ಯಾಸ ಮೋರ್ಸ್. ರಿಸ್ಟ್ರಿಕ್ಟೆಡ್‌ಗೆ ಅದು ಬೇಡ, ಜನರಲ್‌ಗೆ ನಿಮಿಷಕ್ಕೆ 8 ಪದ, ಕಳಿಸಲೂ ಬರಬೇಕು, ಕೇಳಿ ಬರೆದುಕೊಳ್ಳಲೂ ಬರಬೇಕು.

8 ಪದ ಅಂದರೆ ಎಷ್ಟು? ಒಂದು ಪದಕ್ಕೆ ಐದಕ್ಷರದ ಲೆಕ್ಕ, ಹಾಗಾಗಿ ನಿಮಿಷಕ್ಕೆ 40 ಅಕ್ಷರ, ಒಂದಕ್ಷರಕ್ಕೆ ಒಂದೂವರೆ ಸೆಕೆಂಡು. ಚುಕ್ಕೆಯ ಉದ್ದ ಸುಮಾರು 150 ಮಿಲಿಸೆಕೆಂಡು, ಗೆರೆ ಅದರ ಮೂರು ಪಟ್ಟು. ಕೇಳುವುದಕ್ಕೆ ಆರಾಮ ಅನಿಸುತ್ತದೆ. ಆದರೆ ಚುಕ್ಕೆ, ಗೆರೆ ಅಂತ ಮನಸ್ಸಿನಲ್ಲಿ ಎಣಿಸುತ್ತಾ ಕೂತರೆ ಮೂರನೇ ಅಕ್ಷರಕ್ಕೆ ಪೆನ್ಸಿಲ್ ನಿಂತುಬಿಡುತ್ತದೆ. ಹಳಬರು ಹೇಳುವ ಉಪಾಯ ಒಳ್ಳೆಯದು: ಒಂದೊಂದು ಅಕ್ಷರವನ್ನು 15 ಪದದ ವೇಗದಲ್ಲೇ ಕೇಳಿ, ಅಕ್ಷರಗಳ ನಡುವಿನ ಬಿಡುವನ್ನು ಮಾತ್ರ ಉದ್ದ ಮಾಡಿ. ಆಗ ಎಣಿಸಲು ಪುರಸೊತ್ತೇ ಸಿಗುವುದಿಲ್ಲ, ಕಿವಿ ಇಡೀ ಅಕ್ಷರದ ಸದ್ದನ್ನೇ ಹಿಡಿಯುತ್ತದೆ. ಪೇಪರ್ ಮೇಲೆ ಪಟ್ಟಿ ಬರೆದು ಬಾಯಿಪಾಠ ಮಾಡುವುದು ಮಾತ್ರ ಬೇಡವೇ ಬೇಡ.

ಸರಿ, ಇಷ್ಟು ಕಷ್ಟಪಟ್ಟು ಜನರಲ್ ಮಾಡಿದರೆ ಸಿಗುವುದೇನು? ಜನ ಮೊದಲು ಹೇಳುವುದು ಪವರ್. ಎಚ್‌ಎಫ್‌ನಲ್ಲಿ, ಅಂದರೆ 30 ಮೆಗಾಹರ್ಟ್ಸ್‌ಗಿಂತ ಕೆಳಗಿನ ಬ್ಯಾಂಡುಗಳಲ್ಲಿ, ರಿಸ್ಟ್ರಿಕ್ಟೆಡ್‌ಗೆ 50 ವಾಟ್, ಜನರಲ್‌ಗೆ 400. ಎಂಟು ಪಟ್ಟು! ಆದರೆ ಕಿವಿಗೆ ಎಂಟು ಪಟ್ಟು ಕೇಳಿಸುವುದಿಲ್ಲ. ಎಂಟು ಪಟ್ಟು ಅಂದರೆ 9 ಡೆಸಿಬೆಲ್. ಸಿಗ್ನಲ್ ಎಷ್ಟು ಜೋರಿದೆ ಅಂತ ತೋರಿಸುವ ಎಸ್ ಮೀಟರ್‌ನಲ್ಲಿ ಒಂದೊಂದು ಎಸ್ ಅಂಕಕ್ಕೆ 6 ಡೆಸಿಬೆಲ್ ಅನ್ನುವ ರೂಢಿ, ಹಾಗಾಗಿ ಎದುರಿನವರ ಮುಳ್ಳು ಒಂದೂವರೆ ಅಂಕ ಮೇಲೇಳುತ್ತದೆ ಅಷ್ಟೇ. ಕಷ್ಟದ ಸಂಪರ್ಕದಲ್ಲಿ ಆ ಒಂದೂವರೆಯೂ ಬೇಕಾಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ 50 ವಾಟ್ ಸಾಲದು ಅಂತ ಕೊರಗುವವರಲ್ಲಿ ಬಹಳ ಜನಕ್ಕೆ ಬೇಕಿರುವುದು ಒಳ್ಳೆಯ ಆಂಟೆನಾ, ಮೇಲಿನ ದರ್ಜೆ ಅಲ್ಲ ಅನ್ನುವುದು ನನ್ನ ಅಭಿಪ್ರಾಯ.

ಬೆಂಗಳೂರಿನಲ್ಲಿ ಆಂಟೆನಾ ಅಂದ ತಕ್ಷಣ ಬರುವ ಪ್ರಶ್ನೆ ಜಾಗ. 40 ಮೀಟರ್ ಬ್ಯಾಂಡಿನ ಡೈಪೋಲ್‌ಗೆ, ಅಂದರೆ ನಡುವೆ ಕೇಬಲ್ ಸೇರುವ ಎರಡು ತಂತಿಯ ಸರಳ ಆಂಟೆನಾಗೆ, ಸುಮಾರು 66 ಅಡಿ ತಂತಿ ಬೇಕು. 30x40 ಸೈಟಿನ ಮನೆ ತಾರಸಿ ಮೂಲೆಯಿಂದ ಮೂಲೆಗೆ ಅಳೆದರೂ 50 ಅಡಿ, ನೇರ ಕಟ್ಟಲು ಆಗುವುದಿಲ್ಲ. ಅದಕ್ಕೇ ಇನ್ವರ್ಟೆಡ್ ವಿ. ನಡುವೆ ಒಂದು ಪೈಪ್ ನಿಲ್ಲಿಸಿ, ಎರಡೂ ಕಡೆ 33 ಅಡಿಯ ತಂತಿಯನ್ನು 45 ಡಿಗ್ರಿ ಇಳಿಜಾರಾಗಿ ಮೂಲೆಗಳ ಕಡೆ ಇಳಿಸಿದರೆ ಅಡ್ಡಕ್ಕೆ ಬೇಕಾಗುವುದು 47 ಅಡಿಯಷ್ಟೇ. ಪೈಪ್ ಮಾತ್ರ ತಂತಿಯ ತುದಿಗಳಿಗಿಂತ 23 ಅಡಿ ಮೇಲಿರಬೇಕು. ತಂತಿ, ಕೋಯಾಕ್ಸ್ ಕೇಬಲ್, ಕನೆಕ್ಟರ್ ಎಲ್ಲ ಎಸ್‌ಪಿ ರೋಡಿನಲ್ಲಿ ಸಿಗುತ್ತವೆ. ಪಕ್ಕದ ಮನೆಯ ಕಾಂಪೌಂಡಿಗೆ ತಂತಿ ಇಣುಕದ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ ಡಬ್ಲ್ಯುಪಿಸಿಗಿಂತ ಮೊದಲು ಪಕ್ಕದ ಮನೆ ಆಂಟಿ ನೋಟಿಸ್ ಕೊಡುತ್ತಾರೆ. ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್ ಒಪ್ಪಬೇಕು, ಆ ಕಥೆ ಬೇರೆ.

ಇನ್ನು ಆ ಬ್ರಿಟನ್ ಸುದ್ದಿ. ಅಲ್ಲಿನ ನಿಯಂತ್ರಣ ಸಂಸ್ಥೆ ಆಫ್‌ಕಾಮ್ 2024ರ ಫೆಬ್ರವರಿ 21ರಿಂದ ಹ್ಯಾಮ್ ಷರತ್ತುಗಳನ್ನು ಸಡಿಲ ಮಾಡಿತು. ಮೊದಲ ದರ್ಜೆಗೆ 10 ವಾಟ್ ಇದ್ದದ್ದು 25 ಆಯಿತು, ನಡುವಿನದಕ್ಕೆ 50 ಇದ್ದದ್ದು 100, ಪೂರ್ಣ ದರ್ಜೆಗೆ 400 ಇದ್ದದ್ದು 1000. (400ರಿಂದ 1000 ಅಂದರೆ 4 ಡೆಸಿಬೆಲ್, ಒಂದು ಎಸ್ ಅಂಕವೂ ಇಲ್ಲ. ಸಂಭ್ರಮಕ್ಕೇನು ಕಮ್ಮಿ ಇರಲಿಲ್ಲ.) ನನಗೆ ಇದಕ್ಕಿಂತ ಮುಖ್ಯ ಅನಿಸಿದ್ದು ಇನ್ನೆರಡು. ಮೊದಲ ದರ್ಜೆಯವರೂ ತಾವೇ ಕಟ್ಟಿದ ಟ್ರಾನ್ಸ್‌ಮಿಟರ್ ಬಳಸಬಹುದು ಅಂತಾಯಿತು. ಲೈಸೆನ್ಸ್ ಇದ್ದವರು ಪಕ್ಕದಲ್ಲಿ ಕೂತು ನೋಡಿಕೊಳ್ಳುತ್ತಿದ್ದರೆ ಇಲ್ಲದವರೂ ಸ್ಟೇಷನ್ ನಡೆಸಬಹುದು ಅಂತಾಯಿತು. ಇಲ್ಲಿ ಮಾತ್ರ ಅದನ್ನು ನಕಲು ಮಾಡಬೇಡಿ, ಮನೆಗೆ ಬಂದ ನೆಂಟರ ಮಗನ ಕೈಗೆ ಮೈಕ್ ಕೊಡಬೇಡಿ.

ಜರ್ಮನಿ 2024ರ ಜೂನ್‌ನಲ್ಲಿ ಹೊಸಬರಿಗಾಗಿಯೇ ಎನ್ ಅನ್ನುವ ಸುಲಭದ ದರ್ಜೆ ತಂದಿತು, 10 ವಾಟ್, ಮೂರೇ ಬ್ಯಾಂಡು. ಆಸ್ಟ್ರೇಲಿಯಾದಲ್ಲಿ ಅದೇ ವರ್ಷ ಫೆಬ್ರವರಿಯಿಂದ ಒಬ್ಬೊಬ್ಬರಿಗೂ ಪ್ರತ್ಯೇಕ ಲೈಸೆನ್ಸ್ ಕೊಡುವುದನ್ನೇ ಬಿಟ್ಟು, ಅರ್ಹತೆ ಮತ್ತು ಕಾಲ್‌ಸೈನ್ ಇರುವವರೆಲ್ಲರಿಗೂ ಅನ್ವಯಿಸುವ ಒಂದೇ ಸಾಮೂಹಿಕ ಲೈಸೆನ್ಸ್ ಮಾಡಿದರು. ಅಮೆರಿಕದಲ್ಲಿ 2022ರ ಏಪ್ರಿಲ್‌ನಿಂದ ಅರ್ಜಿಗೆ 35 ಡಾಲರ್ ಶುಲ್ಕ ಬಂತು, 2024ರ ಜನವರಿಯಲ್ಲಿ ಎಚ್‌ಎಫ್ ಡೇಟಾ ಮೇಲಿದ್ದ ಹಳೇ 300 ಬಾಡ್ ವೇಗದ ಮಿತಿ ಹೋಗಿ, ಸಿಗ್ನಲ್ 2.8 ಕಿಲೋಹರ್ಟ್ಸ್ ಅಗಲದೊಳಗಿದ್ದರೆ ಸಾಕು ಅಂತಾಯಿತು. ಎಲ್ಲ ಕಡೆ ಗಾಳಿ ಒಂದೇ ದಿಕ್ಕಿಗೆ ಬೀಸುತ್ತಿದೆ: ಒಳಗೆ ಬರುವುದು ಸುಲಭ ಮಾಡು, ಬಂದವರನ್ನು ನಂಬು, ಬೇರೆಯವರಿಗೆ ತೊಂದರೆ ಕೊಟ್ಟರೆ ಹಿಡಿ. ನಮ್ಮ ರಿಸ್ಟ್ರಿಕ್ಟೆಡ್ ದರ್ಜೆ ಮೋರ್ಸ್ ಇಲ್ಲದೆ ಎಚ್‌ಎಫ್ ಕೊಟ್ಟಿರುವುದು ಇದೇ ದಿಕ್ಕಿನದ್ದು. ಜನರಲ್‌ಗೆ ಮೋರ್ಸ್ ಉಳಿಸಿಕೊಂಡಿರುವುದನ್ನು ನೋಡಿದರೆ ನಾವು ಅರ್ಧ ದಾರಿಯಲ್ಲಿದ್ದೇವೆ. ಮೋರ್ಸ್ ಚೆಂದದ ವಿದ್ಯೆ, ಕಲಿಯಲೇಬೇಕು ಅನ್ನುವವನೇ ನಾನು. ಆದರೆ ಅದನ್ನು 400 ವಾಟಿನ ಅರ್ಹತೆಗೆ ಗಂಟು ಹಾಕುವುದರಲ್ಲಿ ಅರ್ಥ ಕಾಣುವುದಿಲ್ಲ. ಜಾಸ್ತಿ ಪವರ್ ಬಿಡುವವನಿಗೆ ಗೊತ್ತಿರಬೇಕಾದ್ದು ಅರ್ಥಿಂಗ್, ಫಿಲ್ಟರ್, ಆಂಟೆನಾದಿಂದ ಎಷ್ಟು ದೂರ ನಿಲ್ಲಬೇಕು ಅನ್ನುವುದು.

ಲೈಸೆನ್ಸೇ ಬೇಡದ ಬ್ಯಾಂಡುಗಳ ಬಗ್ಗೆಯೂ ಸ್ವಲ್ಪ ಹೇಳಬೇಕು, ಬೆಂಗಳೂರಿನ ಟೆಕ್ಕಿಗಳು ಎಡವುವುದು ಇಲ್ಲೇ. 446.0ರಿಂದ 446.2 ಮೆಗಾಹರ್ಟ್ಸ್ ವಾಕಿ ಟಾಕಿಗಳಿಗೆ ಲೈಸೆನ್ಸ್ ಬೇಡ, ಆದರೆ ಸೆಟ್ಟು ಆ ಮಿತಿಯೊಳಗೇ ಕೆಲಸ ಮಾಡುವಂಥದ್ದಾಗಿರಬೇಕು, ಕಡಿಮೆ ಪವರ್‌ನದ್ದಾಗಿರಬೇಕು. ಆನ್‌ಲೈನ್‌ನಲ್ಲಿ ಎರಡು ಮೂರು ಸಾವಿರಕ್ಕೆ ಸಿಗುವ ಚೀನಾ ಹ್ಯಾಂಡ್‌ಸೆಟ್ಟು 136ರಿಂದ 174, 400ರಿಂದ 520 ಅಂತ ಎಲ್ಲಿ ಬೇಕಾದರೂ ಟ್ರಾನ್ಸ್‌ಮಿಟ್ ಮಾಡುತ್ತದೆ. ಆ ಹರವಿನಲ್ಲಿ ಪೊಲೀಸರೂ ಇದ್ದಾರೆ, ಹಡಗಿನವರೂ ಇದ್ದಾರೆ. "446ಕ್ಕೆ ಸೆಟ್ ಮಾಡಿದ್ದೀನಿ ಸಾರ್" ಅಂದರೆ ನಡೆಯುವುದಿಲ್ಲ. 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ ಸೆಟ್ಟುಗಳ ಮಾರಾಟದ ಬಗ್ಗೆ ಇ-ಕಾಮರ್ಸ್ ಕಂಪನಿಗಳಿಗೆ ನೋಟಿಸ್ ಕೊಟ್ಟು ಮಾರ್ಗಸೂಚಿಯನ್ನೂ ಹೊರಡಿಸಿತು, ಹಾಗಾಗಿ ಅಂಗಡಿಯಲ್ಲಿ ಸಿಗುತ್ತದೆ ಅಂದ ಮಾತ್ರಕ್ಕೆ ಕಾನೂನು ಪ್ರಕಾರ ಸರಿ ಅಂತಲ್ಲ.

865ರಿಂದ 868 ಮೆಗಾಹರ್ಟ್ಸ್ ಕೂಡ ಲೈಸೆನ್ಸ್ ಬೇಡದ್ದು. ಲೋರಾ ಅನ್ನುವ ಕಡಿಮೆ ಪವರ್‌ನ ರೇಡಿಯೋ ಬೋರ್ಡ್ ಹಾಕಿ, ಒಂದರಿಂದ ಒಂದಕ್ಕೆ ಸಂದೇಶ ದಾಟಿಸುವ ಮೆಶ್‌ಟಾಸ್ಟಿಕ್ ಸಾಫ್ಟ್‌ವೇರ್ ಜೊತೆ ಆಡುವವರು ಇಲ್ಲೇ ಇರುತ್ತಾರೆ. ಅಲ್ಲಿ ಸಂದೇಶವನ್ನು ಎನ್‌ಕ್ರಿಪ್ಟ್ ಮಾಡಿದರೆ ತೊಂದರೆ ಇಲ್ಲ. ಹ್ಯಾಮ್ ಬ್ಯಾಂಡಿಗೆ ಬಂದರೆ ಉಲ್ಟಾ. ಪವರ್ ಜಾಸ್ತಿ ಸಿಗುತ್ತದೆ, ಆದರೆ ಗುಟ್ಟಿನ ಮಾತಿಲ್ಲ, ಯಾರು ಬೇಕಾದರೂ ಕೇಳುವಂತಿರಬೇಕು. ಕಾಲ್‌ಸೈನ್ ಹೇಳಬೇಕು. ಹಾಡು ಹಾಕುವಂತಿಲ್ಲ. ವ್ಯಾಪಾರದ ಮಾತಿಲ್ಲ, "ಚಿಕ್ಕಪೇಟೆ ಅಂಗಡಿಗೆ ಮಾಲು ಬಂತಾ" ಅಂತ ಕೇಳಲು ಫೋನ್ ಇದೆ. ಯಾವ ಸಂಪರ್ಕ ಎಷ್ಟು ಹೊತ್ತಿಗೆ ಆಯಿತು ಅಂತ ಲಾಗ್ ಬರೆದಿಡಬೇಕು.

ಅರ್ಜಿ ಈಗ ದೂರಸಂಪರ್ಕ ಇಲಾಖೆಯ ಸರಳ ಸಂಚಾರ್ ಪೋರ್ಟಲ್‌ನಲ್ಲೇ, ಪರೀಕ್ಷೆಗೂ, ಲೈಸೆನ್ಸ್‌ಗೂ. ಬೆಂಗಳೂರಿನಲ್ಲಿ ಪರೀಕ್ಷೆ ನಡೆಸುವುದು ಇಲ್ಲಿನ ವೈರ್‌ಲೆಸ್ ಮಾನಿಟರಿಂಗ್ ಸ್ಟೇಷನ್. ಕಲಿಯಲು ಊರಲ್ಲೇ ಜನ ಇದ್ದಾರೆ: ಬೆಂಗಳೂರು ಅಮೆಚೂರ್ ರೇಡಿಯೋ ಕ್ಲಬ್ ಇದೆ, ತರಗತಿ ನಡೆಸುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಇದೆ, ಇಸ್ರೋ ಉಪಗ್ರಹ ಕೇಂದ್ರದವರದ್ದೇ ಒಂದು ಹ್ಯಾಮ್ ಕ್ಲಬ್ ಇದೆ. 2005ರ ಮೇ 5ರಂದು ಇಸ್ರೋ ಹ್ಯಾಮ್‌ಸ್ಯಾಟ್ ಅನ್ನುವ ಉಪಗ್ರಹವನ್ನು ಹಾರಿಸಿತ್ತು, 2014ರವರೆಗೆ ಜಗತ್ತಿನ ಹ್ಯಾಮ್‌ಗಳೆಲ್ಲ ಅದರ ಮೂಲಕ ಪುಕ್ಕಟೆ ಮಾತಾಡಿದರು.

ಲೈಸೆನ್ಸ್ ಅವಧಿ ಆರಿಸುವಾಗ ಎರಡು ದಾರಿ: 20 ವರ್ಷಕ್ಕೆ 1000 ರೂಪಾಯಿ, ಇಲ್ಲವೇ 80 ವರ್ಷ ವಯಸ್ಸಿನವರೆಗೆ ಜೀವಾವಧಿಗೆ 2000. ಎರಡರಲ್ಲೂ ಅವಧಿ ಇಂತಿಷ್ಟು ಅಂತ ನಿಗದಿಯಾಗಿರುತ್ತದೆ, ಹೊಸ ಕಾಯ್ದೆಯ ಆ 6ನೇ ಉಪಕಲಮನ್ನು ಓದುವಾಗ ಇದು ನೆನಪಿರಲಿ. ಬಾಡಿಗೆ ಮನೆಯವರು ಇನ್ನೊಂದು ವಿಷಯ ನೋಡಿಕೊಳ್ಳಿ: ಸ್ಟೇಷನ್ ಲೈಸೆನ್ಸ್‌ನಲ್ಲಿ ವಿಳಾಸ ಇರುತ್ತದೆ. ಅಗ್ರಿಮೆಂಟ್ ಮುಗಿದು ವಿಜಯನಗರದಿಂದ ಕೆಂಗೇರಿಗೆ ಹೋದರೆ ಗ್ಯಾಸ್ ಕನೆಕ್ಷನ್, ಆಧಾರ್ ಬದಲಾಯಿಸುವಾಗ ಲೈಸೆನ್ಸಿನ ವಿಳಾಸವನ್ನೂ ಬದಲಾಯಿಸಿಕೊಳ್ಳಿ, ಹೊಸ ತಾರಸಿಯಲ್ಲಿ ಪೈಪ್ ನಿಲ್ಲಿಸುವ ಮೊದಲೇ.